ಮಾತಿಲ್ಲದಾಗ ಕೈ ಎಲ್ಲಿಡಬೇಕು?

ಹೊಸಬರ ನಾಟಕದ ತಾಲೀಮು ಶುರುವಾಗಿ ಮೂರು-ನಾಲ್ಕು ದಿನ ಕಳೆಯುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. "ಸರ್, ನನ್ನ ಮಾತು ಇದ್ದಾಗ ಹೇಗೋ ನಿಭಾಯಿಸ್ತೀನಿ. ಮಾತಿಲ್ಲದಾಗ ಏನ್ಮಾಡ್ಲಿ? ಈ ಕೈ ಎಲ್ಲಿಡ್ಲಿ?"

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಬಹಳ ಖುಷಿ. ನಟನೆಯ ಕಷ್ಟ ಇರುವ ಜಾಗವನ್ನೇ ಅವರು ಮುಟ್ಟಿರುತ್ತಾರೆ. ಒಂದು ಗಂಟೆ ರಂಗದ ಮೇಲಿರುವ ಪಾತ್ರಕ್ಕೆ ಹತ್ತು ನಿಮಿಷದ ಮಾತಿರಬಹುದು. ಮಿಕ್ಕ ಐವತ್ತು ನಿಮಿಷವೂ ಪ್ರೇಕ್ಷಕರು ನಿಮ್ಮನ್ನು ನೋಡುತ್ತಲೇ ಇರುತ್ತಾರೆ, ಅಲ್ವಾ? ಆ ಐವತ್ತು ನಿಮಿಷದ ಕೆಲಸಕ್ಕೆ ಕೇಳಿಸಿಕೊಳ್ಳುವುದು ಅಂತ ಹೆಸರು.

ಹೊಸಬರು ಸಾಮಾನ್ಯವಾಗಿ ತಮ್ಮ ಮಾತನ್ನಷ್ಟೇ ಬಾಯಿಪಾಠ ಮಾಡುತ್ತಾರೆ. ಎದುರಿನವರ ಮಾತಿನಲ್ಲಿ ಕೊನೆಯ ಪದ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಆ ಪದಕ್ಕೆ ನಾವು ಕ್ಯೂ ಅನ್ನುತ್ತೇವೆ. ಅದು ಕಿವಿಗೆ ಬೀಳುವವರೆಗೆ ಸುಮ್ನೆ ಕಾಯುತ್ತಾರೆ. ಹಾಗೆ ಕಾಯುವಾಗಲೇ ಕೈಗಳು ಭಾರವಾಗುವುದು.

ಇದಕ್ಕೆ ನಾನು ಮಾಡಿಸುವ ಅಭ್ಯಾಸ ಬಹಳ ಸಣ್ಣದು. ಒಬ್ಬರು ತಾಯಿ, ಒಬ್ಬರು ಮಗ. ಎರಡೇ ಮಾತು. "ಊಟ ಮಾಡ್ದ್ಯಾ?" "ಇಲ್ಲಮ್ಮ, ಹಸಿವಿಲ್ಲ." ತಾಯಿ ಪ್ರತಿ ಸಲವೂ ಬೇರೆ ರೀತಿ ಕೇಳಬೇಕು. ಒಮ್ಮೆ ಸಿಟ್ಟಿನಿಂದ, ಒಮ್ಮೆ ದಣಿವಿನಿಂದ, ಒಮ್ಮೆ ಮನೆಯಲ್ಲಿ ಅಕ್ಕಿ ಮುಗಿದಿದೆ ಅನ್ನುವುದನ್ನು ಮುಚ್ಚಿಟ್ಟುಕೊಂಡು. ಮಗ ಮೊದಲೇ ಏನನ್ನೂ ತಯಾರಿ ಮಾಡಿಕೊಳ್ಳಬಾರದು. ಅವಳು ಕೇಳಿದ ರೀತಿಗೆ ತಕ್ಕ ಹಾಗೆ ಉತ್ತರ ಬರಬೇಕು. ಐದಾರು ಸಲ ಆದ ಮೇಲೆ ಮಗನ ಪಾತ್ರ ಮಾಡುವವರು ತಾಯಿಯ ಮುಖ ನೋಡಲು ಶುರು ಮಾಡುತ್ತಾರೆ. ಆಗ ಕೈಗಳು ತಾವಾಗಿ ಎಲ್ಲೋ ಹೋಗಿ ಕೂತಿರುತ್ತವೆ. ಎಲ್ಲಿ ಅಂತ ಕೇಳಿದರೆ ಅವರಿಗೇ ನೆನಪಿರುವುದಿಲ್ಲ.

ನಾಟಕದ ವಿದ್ಯಾರ್ಥಿಗಳಿಗೆ ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೋಡಿ ಅಂತ ನಾನು ಒತ್ತಾಯ ಮಾಡುವುದು ಇದೇ ಕಾರಣಕ್ಕೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದಗಳಿರುತ್ತವೆ, ಆದರೆ ಅರ್ಥಧಾರಿಗಳ, ಅಂದರೆ ಪಾತ್ರವಾಗಿ ಮಾತಾಡುವವರ, ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಕೂತಲ್ಲೇ ಎದುರಿನವರ ವಾದವನ್ನು ಪೂರ್ತಿ ಕೇಳಿ, ಅದರೊಳಗಿನಿಂದಲೇ ತಮ್ಮ ಉತ್ತರ ಕಟ್ಟಬೇಕು. ಕೃಷ್ಣನ ಅರ್ಥ ಹೇಳುವವರು ಮಾತಾಡುವಾಗ ಕೌರವನ ಅರ್ಥಧಾರಿಯ ಮುಖ ನೋಡಿ. ಕೇಳಿಸಿಕೊಳ್ಳುವುದು ಎಷ್ಟು ದೊಡ್ಡ ಅಭಿನಯ ಅಂತ ಅಲ್ಲಿ ಕಾಣುತ್ತದೆ.

ಇನ್ನು ರಂಗದ ಭಾಷೆ. ಮೊದಲು ಬಲ-ಎಡ ಕಲಿಯಿರಿ. ಸ್ಟೇಜ್ ರೈಟ್ ಅಂದರೆ ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟನ ಬಲಗೈ ಕಡೆ. ನಿರ್ದೇಶಕರು ಕೆಳಗೆ ಎದುರಿಗೆ ಕೂತಿರುತ್ತಾರೆ, ಅವರಿಗೆ ಅದು ಎಡ. ಆದರೂ ಅವರು ನಿಮ್ಮ ಲೆಕ್ಕದಲ್ಲೇ ಹೇಳುತ್ತಾರೆ. ಪ್ರೇಕ್ಷಕರಿಗೆ ಹತ್ತಿರದ ಭಾಗ ಡೌನ್‌ಸ್ಟೇಜ್, ಹಿಂದಿನ ಭಾಗ ಅಪ್‌ಸ್ಟೇಜ್. ನೆಲ ಸಮತಟ್ಟಾಗಿದೆಯಲ್ಲ, ಮೇಲೆ-ಕೆಳಗೆ ಎಲ್ಲಿಂದ ಬಂತು ಅಂತ ಅನ್ನಿಸಬಹುದು. ಯುರೋಪಿನ ಹಳೆಯ ರಂಗಮಂದಿರಗಳಲ್ಲಿ ವೇದಿಕೆ ಹಿಂದಕ್ಕೆ ಹೋದಂತೆ ಏರುತ್ತಿತ್ತು, ದೂರದ ನಟರೂ ಕಾಣಲಿ ಅಂತ. ಹೆಚ್ಚಿನ ಕಡೆ ಆ ಇಳಿಜಾರು ಹೋಯಿತು, ಹೆಸರು ಉಳಿಯಿತು.

ಈ ಪದಗಳನ್ನು ಪುಸ್ತಕದಲ್ಲಿ ಓದಿ ಕಲಿಯಲು ಹೋಗಬೇಡಿ. ಕಾಲಿಗೆ ಕಲಿಸಿ. ಖಾಲಿ ರಂಗದ ಮೇಲೆ ನಿಂತು ಗೆಳೆಯರಿಂದ ಕೂಗಿಸಿಕೊಳ್ಳಿ. "ಡೌನ್ ಲೆಫ್ಟ್! ಅಪ್ ರೈಟ್! ಸೆಂಟರ್!" ಯೋಚನೆ ಮಾಡದೆ ಕಾಲು ಹೋಗುವ ತನಕ ನಡೆಯಿರಿ. ಬ್ಲಾಕಿಂಗ್, ಅಂದರೆ ಯಾರು ಯಾವಾಗ ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಸ್ಕ್ರಿಪ್ಟ್‌ನಲ್ಲಿ ಪೆನ್ಸಿಲಿನಲ್ಲೇ ಬರೆದುಕೊಳ್ಳಿ. ನಾಳೆ ಅದು ಬದಲಾಗುತ್ತದೆ.

ತಾಲೀಮಿನಲ್ಲಿ ದಿನಾ ಕೇಳುವ ಇನ್ನೊಂದು ಮಾತು "ಮಾಸ್ಕ್ ಆಗ್ತಿದೀಯ". ನೀವು ಇನ್ನೊಬ್ಬರನ್ನು ಮರೆ ಮಾಡುತ್ತಿದ್ದೀರಿ, ಇಲ್ಲವೇ ಇನ್ನೊಬ್ಬರ ಮರೆಗೆ ಹೋಗಿದ್ದೀರಿ ಅಂತ ಅರ್ಥ. ಎರಡಕ್ಕೂ ಅರ್ಧ ಹೆಜ್ಜೆ ಸಾಕು. ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ಇಬ್ಬರು ಮಾತಾಡುವಾಗ ಒಬ್ಬರು ನಿಧಾನಕ್ಕೆ ಹಿಂದೆ ಸರಿಯುತ್ತಾ ಹೋಗುತ್ತಾರೆ. ಆಗ ಮುಂದಿರುವವರು ಅವರ ಜೊತೆ ಮಾತಾಡಲು ಪ್ರೇಕ್ಷಕರಿಗೆ ಬೆನ್ನು ತಿರುಗಿಸಲೇಬೇಕಾಗುತ್ತದೆ. ಗೊತ್ತಿಲ್ಲದೆ ಮಾಡಿದರೂ ಇದು ಜೊತೆಗಾರರಿಂದ ದೃಶ್ಯವನ್ನು ಕಿತ್ತುಕೊಂಡ ಹಾಗೆ. ನಾನು ತಕ್ಷಣ ತಾಲೀಮು ನಿಲ್ಲಿಸಿ ತಿದ್ದುವ ತಪ್ಪು ಇದು.

ಇದೆಲ್ಲ ಪ್ರೇಕ್ಷಕರು ಎದುರಿನಿಂದ ಮಾತ್ರ ನೋಡುವ ಚೌಕಟ್ಟಿನ ರಂಗಕ್ಕೆ, ಅಂದರೆ ಪ್ರೊಸೀನಿಯಂಗೆ ಹೊಂದುವ ಲೆಕ್ಕ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಅಂಥದ್ದು. 2004ರಲ್ಲಿ ಶುರುವಾದ ರಂಗಶಂಕರದಲ್ಲಿ ವೇದಿಕೆ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಮೂರು ಕಡೆಯಿಂದ ನೋಡುತ್ತಾರೆ. ಅಲ್ಲಿ ಬರೀ ಮುಂದಕ್ಕೆ ಮುಖ ಕೊಟ್ಟು ನಿಂತರೆ ಎರಡು ಪಕ್ಕದವರಿಗೆ ಅನ್ಯಾಯ. ಕಲಾಕ್ಷೇತ್ರದ ಹಿಂದೆಯೇ ಇರುವ ಸಂಸ ಬಯಲು ರಂಗಮಂದಿರದಲ್ಲಿ ಗಾಳಿ, ರಸ್ತೆಯ ಸದ್ದು ಎಲ್ಲ ಸೇರಿಕೊಳ್ಳುತ್ತವೆ. ಅಲ್ಲಿ ಸಣ್ಣ ಸನ್ನೆ ಕಾಣುವುದಿಲ್ಲ. ಒಂದೇ ನಾಟಕವನ್ನು ಈ ಮೂರು ಕಡೆ ಮಾಡಿದರೆ ಮೂರು ಸಲ ಹೊಸದಾಗಿ ನಿಲ್ಲುವುದನ್ನು ಕಲಿಯಬೇಕು.

ಧ್ವನಿಯ ಬಗ್ಗೆ ಒಂದೇ ವಿಷಯ ಹೇಳುತ್ತೇನೆ, ಯಾಕೆಂದರೆ ಅದು ಕನ್ನಡಕ್ಕೇ ಸೇರಿದ್ದು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹೊಸ ನಟರ ಉಸಿರು ಮುಗಿಯುವುದೂ ಅಲ್ಲೇ. "ನಾನು ನಾಳೆ ನಿಮ್ಮ ಮನೆಗೆ ಬರುವುದಿಲ್ಲ" ಅನ್ನುವ ಮಾತಿನಲ್ಲಿ "ನಾನು ನಾಳೆ ನಿಮ್ಮ ಮನೆಗೆ" ಜೋರಾಗಿ ಕೇಳುತ್ತದೆ. ಬರುತ್ತಾನೋ ಬರುವುದಿಲ್ಲವೋ ಹಿಂದಿನ ಸಾಲಿಗೆ ಗೊತ್ತೇ ಆಗುವುದಿಲ್ಲ. ಇಡೀ ದೃಶ್ಯ ನಿಂತಿರುವುದು ಆ 'ಇಲ್ಲ' ಮೇಲೆ! ಹಾಗಾಗಿ ಕಿರುಚಬೇಡಿ, ಗಂಟಲು ಹೋಗುತ್ತದೆ. ಮಾತು ಶುರುವಾಗುವ ಮೊದಲೇ ಹೊಟ್ಟೆ ತುಂಬ ಉಸಿರು ತಗೊಳ್ಳಿ. ವಾಕ್ಯದ ಕೊನೆಯ ಎರಡು ಅಕ್ಷರಕ್ಕೆ ಅಂತ ಸ್ವಲ್ಪ ಉಳಿಸಿಕೊಳ್ಳಿ.

ಬೆಳಕನ್ನು ಕಣ್ಣಿನಿಂದ ಹುಡುಕಲು ಹೋಗಬೇಡಿ. ಮುಖಕ್ಕೆ ಬಿಸಿ ತಾಗಿದರೆ ನೀವು ಬೆಳಕಿನಲ್ಲಿದ್ದೀರಿ. ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಕಾಯುವಾಗ ನಿಮಗೆ ಪ್ರೇಕ್ಷಕರು ಕಂಡರೆ ಅವರಿಗೂ ನೀವು ಕಾಣುತ್ತೀರಿ, ಇನ್ನೊಂದು ಹೆಜ್ಜೆ ಹಿಂದೆ ಸರಿಯಿರಿ. ನಿಮ್ಮ ಪ್ರಾಪರ್ಟಿ, ಅಂದರೆ ಪಾತ್ರ ಬಳಸುವ ವಸ್ತು, ಅದು ಊರುಗೋಲಿರಲಿ, ಕಾಗದವಿರಲಿ, ನೀವೇ ಇಟ್ಟು ನೀವೇ ನೋಡಿಕೊಳ್ಳಿ. ಗ್ರ್ಯಾಂಡ್ ರಿಹರ್ಸಲ್‌ಗೆ, ಅಂದರೆ ಪ್ರದರ್ಶನಕ್ಕೆ ಮುಂಚಿನ ಪೂರ್ತಿ ತಾಲೀಮಿಗೆ, ಪ್ರದರ್ಶನದ ದಿನ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ. ಚಪ್ಪಲಿ ಬದಲಾದರೆ ನಡಿಗೆ ಬದಲಾಗುತ್ತದೆ, ನಡಿಗೆ ಬದಲಾದರೆ ಪಾತ್ರವೇ ಬೇರೆಯಾಗುತ್ತದೆ.

ಪ್ರದರ್ಶನದ ದಿನ ಬಣ್ಣ ಹಚ್ಚುವ ಮುಂಚೆ ಹತ್ತು ನಿಮಿಷ ಉಳಿಸಿಕೊಳ್ಳಿ. ಸಭಾಂಗಣದ ಕೊನೆಯ ಸಾಲಿಗೆ ಹೋಗಿ, ಮೂಲೆಯ ಕುರ್ಚಿಯಲ್ಲಿ ಕೂರಿ. ಜೊತೆಗಾರರು ಒಬ್ಬರು ರಂಗದ ಮೇಲೆ ನಿಂತು "ಊಟ ಮಾಡ್ದ್ಯಾ?" ಅಂತ ಕೇಳಲಿ. ಅವರ ಮುಖ ಎಷ್ಟು ಕಾಣುತ್ತದೆ, ಮಾತಿನ ಕೊನೆ ಕೇಳುತ್ತದಾ ನೋಡಿ. ಆಮೇಲೆ ಅವರು ಇಲ್ಲಿ ಬಂದು ಕೂರಲಿ, ನೀವು ಮೇಲೆ ಹೋಗಿ ಉತ್ತರ ಕೊಡಿ.