ಚಿತ್ರ ಒಂದು ಕಡೆ, ಸಾಕ್ಷಿ ಇನ್ನೊಂದು ಕಡೆ: ಪೋಸ್ಟ್‌ಕಾರ್ಡುಗಳಲ್ಲಿ ಒಂದು ಜರ್ಮನ್ ಹಡಗು ಕಂಪನಿ

ಹೆದ್ದಾರಿಯಲ್ಲಿ ಟ್ರೈಲರ್ ಲಾರಿಗಳ ಮೇಲೆ ಕಿತ್ತಳೆ ಬಣ್ಣದ ಕಂಟೇನರ್ ಹೋಗುವುದನ್ನು ನೀವು ನೋಡಿರುತ್ತೀರಿ. ಪಕ್ಕದಲ್ಲಿ ದೊಡ್ಡದಾಗಿ ಹಾಪಾಗ್-ಲಾಯ್ಡ್ ಅಂತ ಬರೆದಿರುತ್ತದೆ. ಆ ಹೆಸರಿನ ಎರಡನೇ ಅರ್ಧವೇ ಈ ಟಿಪ್ಪಣಿಯ ವಿಷಯ. ಬ್ರೆಮೆನ್ ನಗರದ ನೋರ್ಡ್‌ಡಾಯ್ಚರ್ ಲಾಯ್ಡ್ ಕಂಪನಿ 1857ರಲ್ಲಿ ಶುರುವಾಯಿತು. 1970ರಲ್ಲಿ ಹ್ಯಾಂಬರ್ಗಿನ ಹಡಗು ಕಂಪನಿ ಹಾಪಾಗ್ ಜೊತೆ ಒಂದಾಯಿತು. ಈಗ ಅದು ಸರಕು ಸಾಗಿಸುತ್ತದೆ. ಒಂದು ಕಾಲಕ್ಕೆ ಅದರ ಹೆಸರು ಮಾಡಿಸಿದ್ದು ಜನರನ್ನು ಸಾಗಿಸಿದ ಕೆಲಸ.

ಇಂಥ ಕಂಪನಿಯ ಚರಿತ್ರೆ ಓದಲು ಪೋಸ್ಟ್‌ಕಾರ್ಡ್ ಯಾಕೆ ಬೇಕು? ಕಾರ್ಡಿಗೆ ಎರಡು ಮುಖ ಇರುವುದರಿಂದ. ಚಿತ್ರದ ಕಡೆ ಕಂಪನಿ ತನ್ನ ಬಗ್ಗೆ ಏನು ಹೇಳಿಕೊಳ್ಳಬೇಕೋ ಅದನ್ನು ಹೇಳಿಕೊಂಡಿರುತ್ತದೆ. ಅದು ಜಾಹೀರಾತು, ಅಷ್ಟೆ. ವಿಳಾಸದ ಕಡೆ ಅಂಚೆಯವರ ಮೊಹರು ಇರುತ್ತದೆ, ಪ್ರಯಾಣಿಕ ಅವಸರದಲ್ಲಿ ಗೀಚಿದ ನಾಲ್ಕು ಸಾಲು ಇರುತ್ತದೆ. ಅದರ ಮೇಲೆ ಕಂಪನಿಯ ಹಿಡಿತ ಇಲ್ಲ. ಮುಂದೆ ಓದುವಾಗ ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ.

ಕಾರ್ಡ್ ಬರುವ ಮೊದಲು

ಬ್ರೆಮೆನ್ ಸಮುದ್ರದ ದಡದಲ್ಲಿಲ್ಲ, ವೇಸರ್ ನದಿಯ ಮೇಲೆ ಒಳಗಡೆ ಇದೆ. ಹೂಳು ತುಂಬಿ ದೊಡ್ಡ ಹಡಗುಗಳು ಊರಿನ ತನಕ ಬರಲಾರದೆ ಹೋದಾಗ ಅಲ್ಲಿನವರು 1827ರಲ್ಲಿ ನದಿ ಸಮುದ್ರ ಸೇರುವ ಕಡೆ ಜಾಗ ಕೊಂಡು ಹೊಸ ಬಂದರು ಕಟ್ಟಿದರು. ಅದೇ ಬ್ರೆಮರ್‌ಹಾಫೆನ್. ಲಾಯ್ಡ್ ಕಂಪನಿಯ ಹಡಗುಗಳು ಹೊರಡುತ್ತಿದ್ದದ್ದು ಅಲ್ಲಿಂದ.

ಕಂಪನಿ ಕಟ್ಟಿದವರು ಹೆರ್ಮಾನ್ ಹೆನ್ರಿಕ್ ಮೈಯರ್ ಎಂಬ ವ್ಯಾಪಾರಿ ಮತ್ತು ಎಡುವಾರ್ಡ್ ಕ್ರ್ಯೂಸೆಮಾನ್. ಅಮೆರಿಕಕ್ಕೆ ಹೋದ ಇವರ ಮೊದಲ ಹಡಗು ‘ಬ್ರೆಮೆನ್’. 1858ರ ಜೂನ್‌ನಲ್ಲಿ ನ್ಯೂಯಾರ್ಕಿಗೆ ಹೊರಟಿತು. ಈ ಹೆಸರನ್ನು ಕಂಪನಿ ಮತ್ತೆ ಮತ್ತೆ ಇಟ್ಟಿದೆ. ಹಾಗಾಗಿ ‘ಬ್ರೆಮೆನ್’ ಅಂತ ಬರೆದ ಕಾರ್ಡ್ ಸಿಕ್ಕರೆ ಯಾವ ಬ್ರೆಮೆನ್ ಅನ್ನೋದೇ ಮೊದಲ ಪ್ರಶ್ನೆ.

ವ್ಯಾಪಾರದ ಲೆಕ್ಕ ಸರಳ. ಅಮೆರಿಕದಿಂದ ತಂಬಾಕು, ಹತ್ತಿ ಬರುತ್ತಿತ್ತು. ಹೋಗುವಾಗ ಹಡಗು ಖಾಲಿ ಹೋಗಬಾರದಲ್ಲ? ಆ ಜಾಗ ತುಂಬಿದವರು ವಲಸಿಗರು. ಮೊದಲು ಜರ್ಮನ್ ರೈತರು, ಕುಶಲಕರ್ಮಿಗಳು. ಆಮೇಲೆ ಪೋಲರು, ಹಂಗೇರಿಯವರು, ರಷ್ಯಾ ಸಾಮ್ರಾಜ್ಯದಿಂದ ಓಡಿಬಂದ ಯಹೂದಿಗಳು. ಬ್ರೆಮರ್‌ಹಾಫೆನ್ ಮೂಲಕ ಒಟ್ಟು 70 ಲಕ್ಷಕ್ಕೂ ಹೆಚ್ಚು ಜನ ಯೂರೋಪ್ ಬಿಟ್ಟು ಹೋದರು. ಅವರಲ್ಲಿ ಬಹಳ ಜನ ಪ್ರಯಾಣ ಮಾಡಿದ್ದು ಕೆಳಗಿನ ಡೆಕ್ಕಿನಲ್ಲಿ, ಸಾಲು ಮಂಚಗಳ ಮೇಲೆ.

ಈಗ ಕಾರ್ಡುಗಳ ಕಡೆ ಬನ್ನಿ. ಸರ್ಕಾರಿ ಅಂಚೆ ಕಾರ್ಡ್ ಮೊದಲು ಬಂದದ್ದು ಆಸ್ಟ್ರಿಯಾದಲ್ಲಿ, 1869ರಲ್ಲಿ. ಮರುವರ್ಷ ಜರ್ಮನ್ ರಾಜ್ಯಗಳಲ್ಲೂ ಬಂತು. ಅದರಲ್ಲಿ ಚಿತ್ರ ಇರಲಿಲ್ಲ. ಬಣ್ಣದ ಚಿತ್ರ ಅಚ್ಚು ಹಾಕಿದ ಕಾರ್ಡಿನ ಹುಚ್ಚು ಹಿಡಿದದ್ದು 1890ರ ದಶಕದಲ್ಲಿ. ಅಂದರೆ ಕಂಪನಿಯ ಮೊದಲ ಮೂವತ್ತು ಚಿಲ್ಲರೆ ವರ್ಷಗಳಿಗೆ ಚಿತ್ರದ ಕಾರ್ಡೇ ಇಲ್ಲ. ಸಂಗ್ರಹ ಮಾಡುವವರ ಆಲ್ಬಮ್ ಶುರುವಾಗುವ ಹೊತ್ತಿಗೆ ಕಂಪನಿ ಆಗಲೇ ಶ್ರೀಮಂತವಾಗಿತ್ತು. ಬರೀ ಕಾರ್ಡ್ ನೋಡಿದರೆ ಲಾಯ್ಡ್ ಹುಟ್ಟಿನಿಂದಲೇ ದೊಡ್ಡ ಮನುಷ್ಯರ ಕಂಪನಿ ಅನ್ನಿಸಿಬಿಡುತ್ತದೆ. ಊಟದ ಹಾಲ್, ಓದುವ ಕೋಣೆ, ಡೆಕ್ ಮೇಲೆ ಕುರ್ಚಿ ಹಾಕಿ ಕೂತ ಹೆಂಗಸರು. ದುಡ್ಡು ತಂದುಕೊಟ್ಟ ಕೆಳಗಿನ ಡೆಕ್ಕಿನ ಜನ ಕಂಪನಿಯ ಬಣ್ಣದ ಕಾರ್ಡುಗಳಲ್ಲಿ ಕಾಣುವುದು ಅಪರೂಪ.

ನಾಲ್ಕು ಹೊಗೆಕೊಳವೆಗಳ ಕಾಲ

1897ರಲ್ಲಿ ‘ಕೈಸರ್ ವಿಲ್ಹೆಲ್ಮ್ ಡೇರ್ ಗ್ರೋಸ’ ಬಂತು. ಕಟ್ಟಿದ್ದು ಸ್ಟೆಟಿನ್ ಊರಿನ ವುಲ್ಕಾನ್ ಕಾರ್ಖಾನೆ. ಆ ಊರು ಈಗ ಪೋಲೆಂಡಿನಲ್ಲಿದೆ. ನಾಲ್ಕು ಹೊಗೆಕೊಳವೆ ಇದ್ದ ಮೊದಲ ಪ್ರಯಾಣಿಕ ಹಡಗು ಇದು. ಅಟ್ಲಾಂಟಿಕನ್ನು ಎಲ್ಲರಿಗಿಂತ ಬೇಗ ದಾಟಿದ ಹಡಗಿಗೆ ಸಿಗುತ್ತಿದ್ದ ‘ಬ್ಲೂ ರಿಬಾಂಡ್’ ಗೌರವವನ್ನು ಬ್ರಿಟಿಷರ ಕೈಯಿಂದ ಕಿತ್ತುಕೊಂಡಿತು. ಕಡಲಿನಲ್ಲಿ ತಮ್ಮನ್ನು ಬಿಟ್ಟರಿಲ್ಲ ಅಂದುಕೊಂಡಿದ್ದ ಬ್ರಿಟನ್‌ಗೆ ಇದು ಚೆನ್ನಾಗಿಯೇ ಚುಚ್ಚಿತು.

ಆಮೇಲೆ ಇದೇ ಬಗೆಯ ಇನ್ನೂ ಮೂರು ಬಂದವು: 1901ರಲ್ಲಿ ‘ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್’, 1903ರಲ್ಲಿ ‘ಎರಡನೇ ಕೈಸರ್ ವಿಲ್ಹೆಲ್ಮ್’, 1907ರಲ್ಲಿ ‘ಕ್ರೋನ್‌ಪ್ರಿನ್ಸೆಸಿನ್ ಸೆಸಿಲಿಯೆ’. ನಾಲ್ಕಕ್ಕೂ ರಾಜಮನೆತನದ ಹೆಸರು, ನಾಲ್ಕಕ್ಕೂ ನಾಲ್ಕು ಹೊಗೆಕೊಳವೆ. ಜನ ಹೊಗೆಕೊಳವೆ ಎಣಿಸಿ ಟಿಕೆಟ್ ತಗೊಳ್ಳುತ್ತಿದ್ದ ಕಾಲ ಅದು. ಜಾಸ್ತಿ ಇದ್ದಷ್ಟೂ ವೇಗ ಜಾಸ್ತಿ, ಭದ್ರತೆಯೂ ಜಾಸ್ತಿ ಅನ್ನೋ ನಂಬಿಕೆ.

ಗುರುತು ಹಿಡಿಯಲು ಒಂದು ಸುಲಭ ದಾರಿ ಇದೆ. ಈ ಜರ್ಮನ್ ಹಡಗುಗಳಲ್ಲಿ ಹೊಗೆಕೊಳವೆಗಳು ಎರಡೆರಡಾಗಿ ಜೋಡಿಯಾಗಿವೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎದ್ದು ಕಾಣುವ ಜಾಗ ಬಿಟ್ಟಿರುತ್ತದೆ. ‘ಲೂಸಿಟಾನಿಯಾ’, ‘ಟೈಟಾನಿಕ್’ ಥರದ ಬ್ರಿಟಿಷ್ ಹಡಗುಗಳಲ್ಲಿ ನಾಲ್ಕೂ ಸಮಾನ ದೂರದಲ್ಲಿವೆ. ಆದರೆ ಹಾಪಾಗ್‌ನ ‘ಡಾಯ್ಚ್‌ಲಾಂಡ್’ ಕೂಡ ಜೋಡಿ ಜೋಡಿಯೇ. ಆಗ ಬಾವುಟ ನೋಡಬೇಕು. ಲಾಯ್ಡ್ ಬಾವುಟ ಬಿಳಿ, ಅದರ ಮೇಲೆ ನೀಲಿಯಲ್ಲಿ ಅಡ್ಡಡ್ಡ ಇಟ್ಟ ಲಂಗರು ಮತ್ತು ಬೀಗದ ಕೈ, ಸುತ್ತ ಓಕ್ ಎಲೆಗಳ ಹಾರ. ಬೀಗದ ಕೈ ಬ್ರೆಮೆನ್ ನಗರದ ಲಾಂಛನದಿಂದ ಬಂದದ್ದು.

ಈ ಕಾಲದ ಒಂದು ಮಾಮೂಲಿ ಕಾರ್ಡನ್ನು ಕೈಯಲ್ಲಿ ಹಿಡಿದಿದ್ದೀರಿ ಅಂತ ಇಟ್ಟುಕೊಳ್ಳಿ. ಮುಂದೆ ಅಲೆ ಸೀಳಿಕೊಂಡು ಬರುವ ಹಡಗು, ಕರಿ ಮೈ, ಹಳದಿ ಹೊಗೆಕೊಳವೆ. ಮೂಲೆಯಲ್ಲಿ ಕಲಾವಿದನ ಸಹಿ ಇದೆಯೇ ನೋಡಿ. ವಿಲ್ಲಿ ಸ್ಟೋವರ್, ಹಾನ್ಸ್ ಬೋರ್ಟ್ ಅವರಂಥ ಕಡಲ ಚಿತ್ರಕಾರರು ಹಡಗು ಕಂಪನಿಗಳಿಗೆ ಕೆಲಸ ಮಾಡಿದ್ದಾರೆ. ಸಹಿ ಇದ್ದರೆ ಬೆಲೆ ಏರುತ್ತದೆ. ಚಿತ್ರದಲ್ಲಿ ಹಡಗು ಎಷ್ಟು ದೊಡ್ಡದು, ಪಕ್ಕದ ದೋಣಿ ಎಷ್ಟು ಚಿಕ್ಕದು ಅನ್ನೋದನ್ನೂ ಗಮನಿಸಿ. ದೋಣಿಯನ್ನು ಸುಮ್ನೆ ಬರೆದಿಲ್ಲ, ಹಡಗನ್ನು ಇನ್ನಷ್ಟು ದೊಡ್ಡದು ಮಾಡಿ ತೋರಿಸಲಿಕ್ಕೆ ಬರೆದದ್ದು.

ಈಗ ಕಾರ್ಡ್ ತಿರುಗಿಸಿ. ಹಿಂದೆ ಬರೀ ವಿಳಾಸಕ್ಕೆ ಜಾಗ ಇದ್ದು ನಡುವೆ ಗೆರೆ ಇಲ್ಲದಿದ್ದರೆ ಅದು 1905ಕ್ಕಿಂತ ಮೊದಲು ಅಚ್ಚಾದದ್ದು. ಜರ್ಮನಿಯಲ್ಲಿ ಒಂದೇ ಬದಿಯಲ್ಲಿ ವಿಳಾಸ, ಒಕ್ಕಣೆ ಎರಡನ್ನೂ ಬರೆಯಲು ಬಿಟ್ಟದ್ದು ಆ ವರ್ಷ. ಅದಕ್ಕೇ ಹಳೆಯ ಕಾರ್ಡುಗಳಲ್ಲಿ ‘ಕ್ಷೇಮವಾಗಿದ್ದೇನೆ’ ಅನ್ನುವ ಒಕ್ಕಣೆ ಚಿತ್ರದ ಅಂಚಿನಲ್ಲಿ, ಕೆಲವೊಮ್ಮೆ ಆಕಾಶದ ಮೇಲೇ ಇರುತ್ತದೆ. ಹಾಗೆ ಬರೆದದ್ದನ್ನು ಕೊಳಕು ಅಂತ ಬಿಡಬೇಡಿ. ಅವರಿಗೆ ಬರೆಯಲು ಬೇರೆ ಜಾಗ ಇರಲಿಲ್ಲ.

ಕೊನೆಗೆ ಮೊಹರು. ನನ್ನ ಲೆಕ್ಕದಲ್ಲಿ ಕಾರ್ಡಿನ ಜೀವ ಇರುವುದೇ ಇಲ್ಲಿ. 1891ರಿಂದ ಜರ್ಮನಿ ಮತ್ತು ಅಮೆರಿಕ ಸೇರಿ ಅಟ್ಲಾಂಟಿಕ್ ಹಡಗುಗಳ ಒಳಗೇ ಅಂಚೆ ಕಚೇರಿ ನಡೆಸಿದವು. ಹಡಗು ನಡುಗಡಲಿನಲ್ಲಿರುವಾಗಲೇ ಗುಮಾಸ್ತರು ಕಾಗದಗಳನ್ನು ಊರುವಾರು ವಿಂಗಡಿಸಿ, ಮೊಹರು ಹೊಡೆದು, ಚೀಲ ಕಟ್ಟಿಡುತ್ತಿದ್ದರು. ಬಂದರು ತಲುಪಿದ ಮೇಲೆ ಕೆಲಸ ಉಳಿಯಬಾರದು ಅನ್ನೋದು ಉದ್ದೇಶ. ಅದರ ಮೊಹರಿನಲ್ಲಿ ‘ಡಾಯ್ಚ್-ಅಮೆರಿಕಾನಿಷೆ ಜೇಪೋಸ್ಟ್’ (ಜರ್ಮನ್-ಅಮೆರಿಕನ್ ಕಡಲ ಅಂಚೆ) ಎಂದೂ ‘ಬ್ರೆಮೆನ್–ನ್ಯೂಯಾರ್ಕ್’ ಎಂದೂ ಇರುತ್ತದೆ, ತಾರೀಖಿನ ಸಮೇತ. ಜೊತೆಗೆ ಸಾಮಾನ್ಯವಾಗಿ 10 ಫೆನಿಗಿನ ಕೆಂಪು ಸ್ಟಾಂಪು. ವಿದೇಶಕ್ಕೆ ಹೋಗುವ ಕಾರ್ಡಿನ ದರ ಅದು. ಯಾವ ದಿನ ಯಾವ ಹಡಗು ಎಲ್ಲಿತ್ತು ಅನ್ನೋದಕ್ಕೆ ಇದು ಕಂಪನಿಯ ಮಾತಲ್ಲ, ಅಂಚೆ ಇಲಾಖೆಯ ದಾಖಲೆ.

ಇನ್ನೊಂದು ಬಗೆ ಕಾರ್ಡು ನೋಡಲು ವಿಚಿತ್ರವಾಗಿರುತ್ತದೆ. ಒಂದು ಅಂಚು ಮಾತ್ರ ಸ್ಟಾಂಪಿನ ಅಂಚಿನ ಹಾಗೆ ಹಲ್ಲು ಹಲ್ಲಾಗಿ ಹರಿದಿರುತ್ತದೆ. ಅದು ಹಾಳಾದ ಕಾರ್ಡಲ್ಲ. ಹಡಗಿನ ಊಟದ ಮೆನುವಿನ ಮೇಲರ್ಧದಲ್ಲಿ ಚಿತ್ರ, ಕೆಳಗೆ ಆ ರಾತ್ರಿಯ ಅಡುಗೆ ಪಟ್ಟಿ ಅಚ್ಚು ಹಾಕುತ್ತಿದ್ದರು. ಊಟ ಆದ ಮೇಲೆ ಮೇಲರ್ಧ ಹರಿದು ಮನೆಗೆ ಕಳಿಸಬಹುದಿತ್ತು. ಪ್ರಯಾಣಿಕನೇ ಸ್ಟಾಂಪು ಹಚ್ಚಿ ಕಂಪನಿಯ ಜಾಹೀರಾತನ್ನು ಊರೂರಿಗೆ ಹಂಚುವ ಉಪಾಯ! ಎರಡೂ ಭಾಗ ಕೂಡಿಕೊಂಡೇ ಇರುವ ಮೆನು ಸಿಕ್ಕರೆ ಬಿಡಬೇಡಿ.

ಇದೇ ಕಾಲದ ಒಂದು ದುರಂತ ಕಂಪನಿಯ ಚಿತ್ರಗಳ ಆಚೆಗೇ ಉಳಿದಿದೆ. 1900ರ ಜೂನ್ 30ರಂದು ನ್ಯೂಯಾರ್ಕ್ ಎದುರಿನ ಹೊಬೋಕೆನ್‌ನಲ್ಲಿ ಲಾಯ್ಡ್ ಹಡಗುಕಟ್ಟೆಗೆ ಬೆಂಕಿ ಬಿತ್ತು. ‘ಜಾಲ’, ‘ಮೈನ್’, ‘ಬ್ರೆಮೆನ್’ ಹಡಗುಗಳಿಗೆ ಹಬ್ಬಿತು. 300ಕ್ಕೂ ಹೆಚ್ಚು ಜನ ಸತ್ತರು. ಹಡಗಿನ ಗುಂಡು ಕಿಟಕಿಗಳು ಮನುಷ್ಯ ನುಸುಳಲಾರದಷ್ಟು ಚಿಕ್ಕದಾಗಿದ್ದರಿಂದ ಒಳಗೆ ಸಿಕ್ಕಿಕೊಂಡವರು ಹೊರಗೆ ಬರಲಾಗಲಿಲ್ಲ.

ಪೂರ್ವದ ದಾರಿ

ಲಾಯ್ಡ್ ಅಂದರೆ ಅಟ್ಲಾಂಟಿಕ್ ಮಾತ್ರ ಅಲ್ಲ. 1886ರಿಂದ ಜರ್ಮನ್ ಸರ್ಕಾರದ ಸಹಾಯಧನ ಪಡೆದು ಪೂರ್ವ ಏಷ್ಯಾಕ್ಕೆ ಅಂಚೆ ಹಡಗು ಓಡಿಸಿತು. ಸೂಯೆಜ್ ದಾಟಿ, ಏಡನ್, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್ ಮೂಲಕ ಹೋಗುವ ದಾರಿ. ನಮಗೆ ಗೊತ್ತಿರುವ ಒಬ್ಬರು ಈ ದಾರಿಯಲ್ಲಿ ಬಂದಿದ್ದಾರೆ. ಸ್ವಾಮಿ ವಿವೇಕಾನಂದರು ಪಶ್ಚಿಮದಿಂದ ಮರಳುವಾಗ 1896ರ ಡಿಸೆಂಬರ್ ಕೊನೆಗೆ ನೇಪಲ್ಸ್‌ನಲ್ಲಿ ಹತ್ತಿದ್ದು ಲಾಯ್ಡ್‌ನ ‘ಪ್ರಿನ್ಸ್ ರೀಜೆಂಟ್ ಲೂಯಿಟ್‌ಪೋಲ್ಡ್’ ಹಡಗನ್ನು. 1897ರ ಜನವರಿ 15ರಂದು ಕೊಲಂಬೊದಲ್ಲಿ ಇಳಿದರು. ಭಾರತದ ಸಂಗ್ರಾಹಕರಿಗೆ ಈ ಹಡಗಿನ ಕಾರ್ಡ್ ಮೇಲೆ ಕಣ್ಣಿರುವುದು ಸಹಜ, ಅಲ್ವಾ?

1914: ವೇಷ ಹಾಕಿದ ಹಡಗು

ಒಂದೇ ಒಂದು ಕಾರ್ಡ್ ಆರಿಸಿಕೋ ಅಂದರೆ ನಾನು ಆರಿಸುವುದು ಕಂಪನಿ ಮಾಡಿಸಿದ್ದನ್ನಲ್ಲ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಎಂಬ ಪುಟ್ಟ ಊರಿನದು. 1914ರ ಜುಲೈ ಕೊನೆಯಲ್ಲಿ ‘ಸೆಸಿಲಿಯೆ’ ನ್ಯೂಯಾರ್ಕ್ ಬಿಟ್ಟಾಗ ಅದರಲ್ಲಿ ಸುಮಾರು ಒಂದು ಕೋಟಿ ಡಾಲರ್ ಬೆಲೆಯ ಚಿನ್ನ ಇತ್ತು. ನಡುಗಡಲಿನಲ್ಲಿರುವಾಗ ಯುದ್ಧದ ಸುದ್ದಿ ವೈರ್‌ಲೆಸ್‌ನಲ್ಲಿ ಬಂತು. ಮುಂದೆ ಹೋದರೆ ಬ್ರಿಟಿಷ್, ಫ್ರೆಂಚ್ ಯುದ್ಧನೌಕೆಗಳ ಬಾಯಿಗೆ ಬೀಳಬೇಕು. ಕ್ಯಾಪ್ಟನ್ ಪೋಲಾಕ್ ಹಡಗು ತಿರುಗಿಸಿದ. ದೀಪ ಆರಿಸಿ, ಮಂಜಿನಲ್ಲೂ ವೇಗ ಇಳಿಸದೆ ಓಡಿಸಿದ. ಹಳದಿ ಹೊಗೆಕೊಳವೆಗಳ ತುದಿಗೆ ಕಪ್ಪು ಬಣ್ಣ ಬಳಿಸಿದ, ದೂರದಿಂದ ನೋಡಿದವರು ಬ್ರಿಟಿಷರ ‘ಒಲಿಂಪಿಕ್’ ಅಂದುಕೊಳ್ಳಲಿ ಅಂತ. ಆಗಸ್ಟ್ 4ರ ಬೆಳಿಗ್ಗೆ ಬಾರ್ ಹಾರ್ಬರ್ ಜನ ಎದ್ದು ನೋಡಿದರೆ ಎದುರಿಗೆ ಅಷ್ಟು ದೊಡ್ಡ ಹಡಗು ನಿಂತಿದೆ!

ಅಲ್ಲಿ ತೆಗೆದ ಫೋಟೋಗಳು ಪೋಸ್ಟ್‌ಕಾರ್ಡುಗಳಾಗಿ ಮಾರಾಟವಾದವು. ಭೂತಗನ್ನಡಿ ಹಿಡಿದು ಹೊಗೆಕೊಳವೆಗಳ ತುದಿ ನೋಡಿ, ಕಪ್ಪು ಪಟ್ಟಿ ಹುಡುಕಿ. ಆದರೆ ಆತುರದಲ್ಲಿ ಬಳಿದ ಬಣ್ಣ ಹೊಗೆಕೊಳವೆಗಳ ನಡುವಿನ ಜಾಗವನ್ನು ಮುಚ್ಚಲಿಲ್ಲ. ‘ಒಲಿಂಪಿಕ್’ನ ಹೊಗೆಕೊಳವೆಗಳು ಸಮಾನ ದೂರದಲ್ಲಿದ್ದವು ಅನ್ನೋದು ಗೊತ್ತಿದ್ದವರಿಗೆ ಈ ವೇಷ ಹಗಲಲ್ಲಿ ನಿಲ್ಲುತ್ತಿರಲಿಲ್ಲ.

ಯುದ್ಧ ಈ ನಾಲ್ಕನ್ನೂ ನುಂಗಿತು. ‘ವಿಲ್ಹೆಲ್ಮ್ ಡೇರ್ ಗ್ರೋಸ’ ಅದೇ ಆಗಸ್ಟ್‌ನಲ್ಲಿ ಆಫ್ರಿಕಾದ ರಿಯೊ ಡಿ ಓರೊ ಹತ್ತಿರ ಮುಳುಗಿತು. ಉಳಿದ ಮೂರನ್ನು 1917ರಲ್ಲಿ ಅಮೆರಿಕ ವಶ ಮಾಡಿಕೊಂಡು ಸೈನಿಕರನ್ನು ಸಾಗಿಸಲು ಬಳಸಿತು, ಹೊಸ ಹೆಸರಿಟ್ಟು. ‘ಸೆಸಿಲಿಯೆ’ ಆಗ ‘ಮೌಂಟ್ ವರ್ನನ್’ ಆಯಿತು. ಲಾಯ್ಡ್‌ನದೇ ಆಗಿದ್ದ ‘ಜಾರ್ಜ್ ವಾಷಿಂಗ್ಟನ್’ 1918ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ವಿಲ್ಸನ್ ಅವರನ್ನು ಶಾಂತಿ ಸಮ್ಮೇಳನಕ್ಕೆ ಕರೆದೊಯ್ದಿತು. ಅದರ ಹೆಸರು ಮಾತ್ರ ಬದಲಿಸುವ ಅಗತ್ಯ ಬೀಳಲಿಲ್ಲ. ಒಂದೇ ಹಡಗಿನ ಜರ್ಮನ್ ಕಾರ್ಡನ್ನೂ ಅಮೆರಿಕನ್ ಕಾರ್ಡನ್ನೂ ಅಕ್ಕಪಕ್ಕ ಇಡುವುದು ಒಳ್ಳೆಯ ಅಭ್ಯಾಸ.

1929ರ ಬ್ರೆಮೆನ್

ಯುದ್ಧ ಸೋತ ಮೇಲೆ ಕಂಪನಿಯ ಹತ್ತಿರ ಹಡಗುಗಳೇ ಉಳಿದಿರಲಿಲ್ಲ ಅನ್ನಬಹುದು. ಅಲ್ಲಿಂದ ಎದ್ದು 1928ರ ಆಗಸ್ಟ್‌ನಲ್ಲಿ ಒಂದು ದಿನದ ಅಂತರದಲ್ಲಿ ಎರಡು ದೊಡ್ಡ ಹಡಗುಗಳನ್ನು ನೀರಿಗಿಳಿಸಿತು: ‘ಯೂರೋಪಾ’, ‘ಬ್ರೆಮೆನ್’. ಯೂರೋಪಾಗೆ ಕಟ್ಟುವಾಗಲೇ ಬೆಂಕಿ ಬಿದ್ದು ಒಂದು ವರ್ಷ ತಡವಾಯಿತು. ಬ್ರೆಮೆನ್ 1929ರ ಜುಲೈನಲ್ಲಿ ಮೊದಲ ಪ್ರಯಾಣದಲ್ಲೇ 4 ದಿನ 17 ಗಂಟೆ 42 ನಿಮಿಷದಲ್ಲಿ ಅಟ್ಲಾಂಟಿಕ್ ದಾಟಿ, ಇಪ್ಪತ್ತು ವರ್ಷದಿಂದ ಬ್ರಿಟಿಷ್ ಹಡಗು ‘ಮೌರಿಟಾನಿಯಾ’ ಕೈಯಲ್ಲಿದ್ದ ಬ್ಲೂ ರಿಬಾಂಡ್ ಗೆದ್ದಿತು.

ಈ ಬ್ರೆಮೆನ್ ಕಾರ್ಡಿನ ಕಾಲ ಹೇಳಲು ಮತ್ತೆ ಹೊಗೆಕೊಳವೆಯೇ ಸಹಾಯಕ್ಕೆ ಬರುತ್ತದೆ. ಮೊದಲು ಎರಡೂ ಕುಳ್ಳಗೆ, ಅಗಲವಾಗಿದ್ದವು. ನೋಡಲು ಚೆಂದ. ಆದರೆ ಮಸಿಯೆಲ್ಲ ಡೆಕ್ ಮೇಲಿದ್ದ ಪ್ರಯಾಣಿಕರ ಬಟ್ಟೆಗೆ. ಆಮೇಲೆ ಎತ್ತರಿಸಿದರು. ಕುಳ್ಳ ಹೊಗೆಕೊಳವೆ ಇದ್ದರೆ ಚಿತ್ರ ಮೊದಲ ದಿನಗಳದ್ದು.

ಹೊಗೆಕೊಳವೆಗಳ ನಡುವೆ ವಿಮಾನ ಕಂಡರೆ ಕಲಾವಿದನ ಕಲ್ಪನೆ ಅಂದುಕೊಳ್ಳಬೇಡಿ. ಬಂದರು ಇನ್ನೂ ದೂರ ಇರುವಾಗಲೇ ಕವಣೆಯಂಥ ಯಂತ್ರದಿಂದ ಚಿಕ್ಕ ವಿಮಾನವನ್ನು ಹಾರಿಸಿ ಅಂಚೆ ಚೀಲ ಮುಂಚಿತವಾಗಿ ಮುಟ್ಟಿಸುತ್ತಿದ್ದರು. ಹಾಗೆ ಹೋದ ಅಂಚೆಯ ಮೇಲೆ ಬೇರೆಯದೇ ಮೊಹರು ಇರುತ್ತದೆ. ಅಂಚೆಚೀಟಿ ಸಂಗ್ರಹಿಸುವವರೂ ಇದಕ್ಕೆ ಪೈಪೋಟಿಗೆ ಬರುತ್ತಾರೆ, ಹಾಗಾಗಿ ಬೆಲೆ ದುಬಾರಿ.

ಹಿಂಭಾಗದ ಬಾವುಟವನ್ನೂ ಓದಿ. ಕಪ್ಪು-ಬಿಳಿ-ಕೆಂಪು ಪಟ್ಟಿಯ ಮೂಲೆಯಲ್ಲಿ ಚಿಕ್ಕದಾಗಿ ಕಪ್ಪು-ಕೆಂಪು-ಚಿನ್ನದ ಬಣ್ಣ ಇದ್ದರೆ ನಾಜಿಗಳಿಗಿಂತ ಮೊದಲಿನ ವೈಮರ್ ಗಣರಾಜ್ಯದ ಕಾಲ. ಸ್ವಸ್ತಿಕ ಇದ್ದರೆ 1933ರ ನಂತರ. 1935ರ ಜುಲೈ 26ರಂದು ನ್ಯೂಯಾರ್ಕಿನಲ್ಲಿ ನಾಜಿ ವಿರೋಧಿಗಳು ಈ ಬ್ರೆಮೆನ್ ಹತ್ತಿ ಸ್ವಸ್ತಿಕ ಬಾವುಟ ಕಿತ್ತು ಹಡ್ಸನ್ ನದಿಗೆ ಎಸೆದರು. ಅದೇ ಸೆಪ್ಟೆಂಬರ್‌ನಲ್ಲಿ ಸ್ವಸ್ತಿಕವೊಂದೇ ಜರ್ಮನಿಯ ಬಾವುಟ ಅಂತ ಕಾನೂನಾಯಿತು. ಈಗ ಜರ್ಮನಿಯಲ್ಲಿ ಆ ಚಿಹ್ನೆ ತೋರಿಸುವುದಕ್ಕೆ ನಿರ್ಬಂಧ ಇರುವುದರಿಂದ ಮಾರುವವರು ಫೋಟೋದಲ್ಲಿ ಬಾವುಟವನ್ನು ಮುಚ್ಚಿರುತ್ತಾರೆ. ಕಾರ್ಡ್ ಹರಿದಿದೆ ಅಂತ ತಿಳಿಯಬೇಡಿ.

ಬ್ರೆಮೆನ್ 1941ರ ಮಾರ್ಚ್‌ನಲ್ಲಿ ಬ್ರೆಮರ್‌ಹಾಫೆನ್‌ನಲ್ಲೇ ಸುಟ್ಟುಹೋಯಿತು. ಯೂರೋಪಾ ಉಳಿಯಿತು. ಯುದ್ಧದ ನಂತರ ಫ್ರಾನ್ಸ್‌ಗೆ ಸಿಕ್ಕು, 1950ರಿಂದ ‘ಲಿಬರ್ತೆ’ ಹೆಸರಿನಲ್ಲಿ ಓಡಿತು. ಕೆಂಪು ಹೊಗೆಕೊಳವೆ, ಕಪ್ಪು ತುದಿ.

ಯುದ್ಧಾನಂತರದ ಲಾಯ್ಡ್ ಹೊಸ ಹಡಗು ಕಟ್ಟಿಸುವ ಬದಲು ಹಳೆಯವನ್ನು ಕೊಂಡು ಅಟ್ಲಾಂಟಿಕ್‌ಗೆ ಮರಳಿತು. ಸ್ವೀಡನ್ನಿನ ‘ಗ್ರಿಪ್ಸ್‌ಹೋಮ್’ ‘ಬರ್ಲಿನ್’ ಆಯಿತು. ಫ್ರಾನ್ಸಿನ ‘ಪಾಸ್ತರ್’ 1959ರಲ್ಲಿ ಹೊಸ ‘ಬ್ರೆಮೆನ್’ ಆಯಿತು. ಸ್ವೀಡನ್ನಿನದೇ ‘ಕುಂಗ್ಸ್‌ಹೋಮ್’ ‘ಯೂರೋಪಾ’ ಆಯಿತು. ಅಷ್ಟರಲ್ಲಿ ಜೆಟ್ ವಿಮಾನ ಬಂದಾಗಿತ್ತು. ಈ ಕಾಲದ ಬಣ್ಣದ ಫೋಟೋ ಕಾರ್ಡುಗಳು ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಕಡಿಮೆ. ಹೊಸದಾಗಿ ಶುರು ಮಾಡುವವರು ಇಲ್ಲಿಂದಲೇ ಶುರು ಮಾಡಿ. ಮಾರುವವರು ಹೆಚ್ಚಾಗಿ ಚಿತ್ರದ ಕಡೆಯ ಫೋಟೋ ಮಾತ್ರ ಹಾಕಿರುತ್ತಾರೆ. ದುಡ್ಡು ಕಳಿಸುವ ಮೊದಲು ಹಿಂಬದಿಯ ಫೋಟೋ ಕೇಳಿ ತರಿಸಿಕೊಳ್ಳಿ. ಹಡಗಿನ ಒಳಗೆ ಹೊಡೆದ ಮೊಹರು ಇದ್ದರೆ ಮೂಲೆ ಮಡಚಿದ ಕಾರ್ಡನ್ನೂ ತೆಗೆದುಕೊಳ್ಳಬಹುದು.