ಏರ್ ಫಿಲ್ಟರ್ ಬದಲಿಸಿದರೆ ಪಿಕಪ್ ಜಾಸ್ತಿ ಆಗುತ್ತಾ?

ಮಂಗಳೂರಿನಲ್ಲಿ ಓಡುತ್ತಿದ್ದ ಸ್ವಿಫ್ಟನ್ನು ಬೆಂಗಳೂರಿಗೆ ತಂದರೆ ಅದರ ಎಂಜಿನ್ ಶಕ್ತಿ ಹತ್ತಿರ ಹತ್ತಿರ 10% ಕಡಿಮೆಯಾಗುತ್ತದೆ. ಎಂಜಿನ್ ಕೆಟ್ಟಿರುವುದಿಲ್ಲ, ಯಾರೂ ಅದನ್ನು ಮುಟ್ಟಿರುವುದೂ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ಗಾಳಿ ತೆಳು, ಅಷ್ಟೇ. ಆದರೂ ಘಾಟ್ ಹತ್ತಿ ಬಂದು "ಯಾಕೋ ಪಿಕಪ್ ಕಮ್ಮಿ ಆಯ್ತು" ಅಂದವರನ್ನು ನಾನು ನೋಡಿಲ್ಲ. 10% ಹೋದದ್ದು ಗೊತ್ತಾಗದವರಿಗೆ, ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಫಿಲ್ಟರ್‌ನಿಂದ 1% ಬಂದದ್ದು ಮಾತ್ರ ಹೇಗೆ ಗೊತ್ತಾಗುತ್ತದೋ!

ಪೆಟ್ರೋಲ್ ಎಂಜಿನ್ ಅಂದರೆ ಮುಖ್ಯವಾಗಿ ಗಾಳಿಯ ವ್ಯವಹಾರ. 1 ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು, ಕಷ್ಟ ಇರುವುದು ಗಾಳಿಯನ್ನು ಒಳಗೆ ತರುವುದರಲ್ಲಿ. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಪಂಪು) ಇಲ್ಲದ 1.2 ಲೀಟರ್ ಎಂಜಿನ್‌ಗೆ ಹೊರಗಿನ ವಾತಾವರಣದ ಒತ್ತಡವೇ ಗಾಳಿ ತಳ್ಳಿಕೊಡಬೇಕು. ಕಂಪನಿ ಕೊಟ್ಟ ಕಾಗದದ ಫಿಲ್ಟರ್ ಶುಚಿಯಾಗಿದ್ದರೆ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ ಅದರಲ್ಲಿ ಕಳೆದುಹೋಗುವ ಒತ್ತಡ 1-2% ಇರಬಹುದು. ಅಂದರೆ ಫಿಲ್ಟರನ್ನೇ ಕಿತ್ತು ಬಿಸಾಕಿದರೂ ಸಿಗುವುದು ಅಷ್ಟೇ. ಅರ್ಧ ಒತ್ತಿದಾಗ ಅದೂ ಇಲ್ಲ, ಯಾಕೆಂದರೆ ಆಗ ಗಾಳಿಗೆ ಅಡ್ಡ ನಿಂತಿರುವುದು ಥ್ರಾಟಲ್ ಕವಾಟ. ಅದನ್ನು ಅರ್ಧಕ್ಕೆ ಹಿಡಿದಿರುವುದು ನಿಮ್ಮದೇ ಕಾಲು.

ಬಾನೆಟ್ ಒಳಗೆ ಬಯಲಾಗಿ ಕೂರುವ ಕೋನ್ ಫಿಲ್ಟರ್ ಇನ್ನೂ ತಮಾಷೆ. ಕಂಪನಿಯವರು ಕಷ್ಟಪಟ್ಟು ಗ್ರಿಲ್ ಹತ್ತಿರದಿಂದ ಪೈಪ್ ಎಳೆದು ತಣ್ಣಗಿನ ಗಾಳಿ ಬರುವ ಹಾಗೆ ಮಾಡಿರುತ್ತಾರೆ, ಅದನ್ನು ತೆಗೆದು ನಾವು ಎಂಜಿನ್ ಪಕ್ಕದ ಬಿಸಿ ಗಾಳಿ ಕುಡಿಸುತ್ತೇವೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು 3% ತೆಳುವಾಗುತ್ತದೆ. ಬಂದ ಲಾಭ ಅಲ್ಲೇ ಹೋಯಿತು, ಮೇಲೆ ಒಂದಿಷ್ಟು ಕೈಯಿಂದಲೂ ಹೋಯಿತು. ಹೆಚ್ಚುವುದು ಸದ್ದು ಮಾತ್ರ. ಗಾಳಿ ಎಳೆಯುವ ಗುಂಯ್‌ಗುಡುವಿಕೆ ಒಳಗೆ ಕೇಳಿಸುತ್ತದೆ, ಸದ್ದು ಜಾಸ್ತಿಯಾದರೆ ಕಾರು ಜೋರಾಗಿ ಹೋಗುತ್ತಿದೆ ಅಂತ ಮನಸ್ಸು ನಂಬುತ್ತದೆ. ಸೈಲೆನ್ಸರ್ ಬದಲಿಸುವವರದ್ದೂ ಇದೇ ಕಥೆ.

ಪೆಡಲ್ ಬಾಕ್ಸ್ ಅಂತ ಒಂದು ಬರುತ್ತದೆ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್‌ಗೂ ಎಂಜಿನ್‌ಗೂ ನಡುವೆ ಕೇಬಲ್ ಇಲ್ಲ, ಸೆನ್ಸರ್ ಮತ್ತು ವೈರ್ ಇದೆ. ಈ ಡಬ್ಬಿ ನೀವು 30% ಒತ್ತಿದರೆ 50% ಒತ್ತಿದರು ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳುತ್ತದೆ. ಕಾರು ಚುರುಕಾಯಿತು ಅನ್ನಿಸುವುದು ನಿಜ. ಆದರೆ 100ರ ಆಚೆ ಏನೂ ಇಲ್ಲ, ಅಲ್ವಾ? ಕಾಲು ಸ್ವಲ್ಪ ಜಾಸ್ತಿ ಒತ್ತಿದ್ದರೆ ಅದೇ ಪಿಕಪ್ ಬಿಟ್ಟಿಯಾಗಿ ಸಿಗುತ್ತಿತ್ತು.

ಇನ್ನು ರೀಮ್ಯಾಪ್. ಎಂಜಿನ್ ನಡೆಸುವ ಕಂಪ್ಯೂಟರ್‌ನ ಲೆಕ್ಕಾಚಾರ ಬದಲಿಸುವುದು. ಟರ್ಬೊ ಇಲ್ಲದ ಕಾರಿಗೆ ಇದರಿಂದ ಬರುವುದು ಕೆಲವೇ ಹಾರ್ಸ್‌ಪವರ್, ಯಾಕೆಂದರೆ ಸಾಫ್ಟ್‌ವೇರ್‌ನಿಂದ ಗಾಳಿ ಹುಟ್ಟುವುದಿಲ್ಲ. ಟರ್ಬೊ ಕಾರಿನಲ್ಲಿ ಮಾತ್ರ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ಎಷ್ಟು ಒತ್ತಬೇಕು ಅಂತ ಹೇಳುವುದು ಕಂಪ್ಯೂಟರ್, ಆ ಸಂಖ್ಯೆ ಏರಿಸಿದರೆ ಟಾರ್ಕ್, ಅಂದರೆ ಎಂಜಿನ್‌ನ ತಿರುಗಿಸುವ ಬಲ, ಏರುತ್ತದೆ. ಇದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ, ಓಡಿಸಿದವರಿಗೆ ವ್ಯತ್ಯಾಸ ಮೊದಲ ಗೇರ್‌ನಲ್ಲೇ ಗೊತ್ತಾಗುತ್ತದೆ.

ಆದರೆ "ಕಂಪನಿಯವರು ಬೇಕಂತಲೇ ಪವರ್‌ಗೆ ಬೀಗ ಹಾಕಿರ್ತಾರೆ" ಅನ್ನುವ ಮಾತು ಪೂರ್ತಿ ಸರಿಯಲ್ಲ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಫಿಯೆಟ್‌ನ 1.3 ಲೀಟರ್ ಡೀಸೆಲ್. ಸ್ವಿಫ್ಟ್‌ನಲ್ಲಿ ಅದು 75 ಹಾರ್ಸ್‌ಪವರ್ ಕೊಡುತ್ತಿತ್ತು, ಎರ್ಟಿಗಾದಲ್ಲಿ 90. ಅದೇ ಎಂಜಿನ್ ತಾನೇ, ಸಾಫ್ಟ್‌ವೇರ್ ಬದಲಿಸಿದರೆ ಆಯಿತು ಅಂತ. ಆದರೆ ಎರ್ಟಿಗಾದ ಟರ್ಬೊನೇ ಬೇರೆ, ಅದರೊಳಗಿನ ರೆಕ್ಕೆಗಳು ವೇಗಕ್ಕೆ ತಕ್ಕ ಹಾಗೆ ಕೋನ ಬದಲಿಸುತ್ತವೆ. ಸ್ವಿಫ್ಟ್‌ನಲ್ಲಿದ್ದದ್ದು ಸಾದಾ ಟರ್ಬೊ. ಅದರಿಂದ 90 ಹಿಂಡಿದರೆ ಅದು ಬಿಸಿಯಲ್ಲೇ ದುಡಿಯಬೇಕು.

ಗೇರ್ ಬಾಕ್ಸ್ ಕಥೆ ಇನ್ನೂ ಸ್ಪಷ್ಟ. ಫೋಕ್ಸ್‌ವ್ಯಾಗನ್ ವರ್ಟಸ್, ಟೈಗುನ್‌ಗಳ 1.5 ಲೀಟರ್ ಟರ್ಬೊ ಎಂಜಿನ್ 250 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್ ಕೊಡುತ್ತದೆ. ಅದರ ಜೊತೆ ಬರುವ 7 ಗೇರ್‌ನ ಡಿಎಸ್‌ಜಿ (ತಾನೇ ಗೇರ್ ಬದಲಿಸುವ ಗೇರ್ ಬಾಕ್ಸ್), ಡ್ರೈ ಕ್ಲಚ್ ಇರುವ ಡಿಕ್ಯೂ200, ತಡೆಯುವ ಮಿತಿ ಎಷ್ಟು ಗೊತ್ತಾ? ಅದೂ 250. ಕಂಪನಿಯೇ ಅಂಚಿನವರೆಗೆ ತಂದು ನಿಲ್ಲಿಸಿದೆ. ಇದರ ಮೇಲೆ ರೀಮ್ಯಾಪ್ ಮಾಡಿಸಿದರೆ ಕ್ಲಚ್ ಖರ್ಚು ನಿಮ್ಮದು, ವಾರಂಟಿ ಅಂತೂ ಮರೆತುಬಿಡಿ.

ಕಾನೂನಿನ ಮಾತೂ ಇದೆ. ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕೂ ಹೊಂದದ ಬದಲಾವಣೆ ಮಾಡುವಂತಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿಯ ನಂತರ ದಂಡ ಒಂದೊಂದು ಬದಲಾವಣೆಗೆ 5,000 ರೂಪಾಯಿ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಸರಿ, ಇಷ್ಟಕ್ಕೂ ನಮಗೆ ಪವರ್ ಎಲ್ಲಿ ಸಾಲುತ್ತಿಲ್ಲ? ಸಮತಟ್ಟಾದ ಹೈವೇಯಲ್ಲಿ 80 ಕಿ.ಮೀ. ವೇಗ ಕಾಯ್ದುಕೊಳ್ಳಲು ಸ್ವಿಫ್ಟ್‌ನಂಥ ಕಾರಿಗೆ ಬೇಕಾದದ್ದು 10 ಹಾರ್ಸ್‌ಪವರ್ ಆಸುಪಾಸು. 100ಕ್ಕೆ 16-17. ಹಿಂದಿನ ನಾಲ್ಕು ಸಿಲಿಂಡರ್ ಸ್ವಿಫ್ಟ್‌ನಲ್ಲಿ ಇದ್ದದ್ದು 90. ಹಾಗಾದರೆ ಶಿರಾಡಿಯಲ್ಲಿ ಲಾರಿ ದಾಟಲು ಯಾಕೆ ಒದ್ದಾಟ? ಆ 90 ಸಿಗುವುದು 6,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ. ನಾವು ಮೈಲೇಜ್ ಆಸೆಗೆ ದೊಡ್ಡ ಗೇರ್‌ನಲ್ಲಿ 2,000ದಲ್ಲಿ ಓಡಿಸುತ್ತಿರುತ್ತೇವೆ, ಅಲ್ಲಿ ಎಂಜಿನ್ ಕೊಡಬಲ್ಲದ್ದು 30ರ ಒಳಗೆ. ಎರಡು ಗೇರ್ ಇಳಿಸಿ 4,000ದ ಹತ್ತಿರ ತನ್ನಿ, 60 ದಾಟುತ್ತದೆ. ಎಂಜಿನ್ ಕಿರುಚುತ್ತದೆ, ಕಿರುಚಲಿ ಬಿಡಿ. 900 ಕೆಜಿ ಕಾರಿನಲ್ಲಿ ನಾಲ್ಕು ಜನ, ಲಗೇಜು ಸೇರಿ 300 ಕೆಜಿ ತುಂಬಿರುವಾಗ ಯಾವ ಫಿಲ್ಟರೂ ಇಷ್ಟು ಕೊಡಲಾರದು.

ಕೈಯಲ್ಲಿ ದುಡ್ಡು ಇದ್ದು ಖರ್ಚು ಮಾಡಲೇಬೇಕು ಅನ್ನಿಸಿದರೆ ನನ್ನ ಓಟು ಟೈರಿಗೆ. 100 ಕಿ.ಮೀ. ವೇಗದಿಂದ ನಿಲ್ಲುವಾಗ ಟೈರಿನ ಹಿಡಿತ (ರಸ್ತೆಯ ಜೊತೆಗಿನ ಘರ್ಷಣೆಯ ಗುಣಾಂಕ) 0.7 ಇದ್ದದ್ದು 0.8 ಆದರೆ ಬ್ರೇಕಿಂಗ್ ದೂರ ಸುಮಾರು 56 ಮೀಟರ್‌ನಿಂದ 49ಕ್ಕೆ ಇಳಿಯುತ್ತದೆ. ಒಂದೂವರೆ ಕಾರಿನಷ್ಟು ಉದ್ದ ಉಳಿಯಿತು. ದೊಡ್ಡ ಡಿಸ್ಕ್ ಹಾಕಿಸಿದರೆ ಇಷ್ಟು ಸಿಗುವುದಿಲ್ಲ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಶುರು ಮಾಡಿದೆ ಅಂದರೆ ಬ್ರೇಕ್ ಸಾಕಷ್ಟಿದೆ, ಟೈರ್ ಸಾಲುತ್ತಿಲ್ಲ ಅಂತ ಅರ್ಥ. ಬ್ರೇಕ್ ಆಯಿಲ್ ಮಾತ್ರ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ, ಘಾಟ್ ಇಳಿಯುವಾಗ ಇದು ಆಟವಲ್ಲ.

ಟೈರ್ ದಪ್ಪ ಮಾಡಿಸುವವರು ಹೊರಗಿನ ಸುತ್ತಳತೆ ಬದಲಾಗದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಹಿಂದಿನ ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗಳಲ್ಲಿ 165/80 ಆರ್14 ಇತ್ತು, ಮೇಲಿನದರಲ್ಲಿ 185/65 ಆರ್15. ಎರಡರ ವ್ಯಾಸದ ವ್ಯತ್ಯಾಸ 2 ಮಿಲಿಮೀಟರ್ ಅಷ್ಟೇ. ಕಂಪನಿಯೇ ಲೆಕ್ಕ ಹಾಕಿ ಕೊಟ್ಟ ಸೈಜು ಇರುವಾಗ 17 ಇಂಚಿನ ಭಾರದ ಅಲಾಯ್ ಯಾಕೆ ಬೇಕೋ, ನಮ್ಮ ರಸ್ತೆ ಗುಂಡಿಗಳಲ್ಲಿ!