ಎಲೆಕ್ಟ್ರಿಕ್ ಗಾಡಿ ಬಂದರೆ ಪಾರ್ಟ್ಸ್ ಕೆಲಸ ಮುಗೀತಾ?

ಪ್ರಶ್ನೆ: ಡಿಪ್ಲೊಮಾ ಮುಗಿದಿದೆ. ಕುಮಟಾದಲ್ಲಿ ಒಂದು ಶೋರೂಮಿನ ಪಾರ್ಟ್ಸ್ ಕೌಂಟರ್‌ಗೆ ಕರೆದಿದ್ದಾರೆ. ಮುಂದೆ ಪಾರ್ಟ್ಸ್ ಸೇಲ್ಸ್ ಮ್ಯಾನೇಜರ್ ಆಗಬಹುದಂತೆ. ಆದರೆ ಎಲೆಕ್ಟ್ರಿಕ್ ಗಾಡಿ ಬಂದಮೇಲೆ ಈ ಕೆಲಸವೇ ಇರುವುದಿಲ್ಲ ಎಂದು ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ಸಂಬಳ ಏರುತ್ತದಾ?

ಸೇರಿಕೋ ತಮ್ಮಾ. ಉತ್ತರ ಇಷ್ಟೇ. ಆದರೆ ಇದೇ ಪ್ರಶ್ನೆಯನ್ನು ಶಿರಸಿಯ ನಮ್ಮ ಕೌಂಟರಿನಲ್ಲೂ ಕೇಳುತ್ತಾರೆ, ಮದುವೆಮನೆ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಎಲೆಕ್ಟ್ರಿಕ್ ಗಾಡಿಗೆ ಇಂಜಿನ್ ಆಯಿಲ್ ಬೇಡ, ಆಯಿಲ್ ಫಿಲ್ಟರ್ ಬೇಡ, ಸ್ಪಾರ್ಕ್ ಪ್ಲಗ್, ಸೈಲೆನ್ಸರ್ ಯಾವುದೂ ಬೇಡ. ಬ್ರೇಕ್ ಪ್ಯಾಡ್ ಕೂಡ ನಿಧಾನ ಸವೆಯುತ್ತದೆ, ಯಾಕೆಂದರೆ ವೇಗ ಇಳಿಸುವ ಕೆಲಸದಲ್ಲಿ ಒಂದಷ್ಟು ಪಾಲನ್ನು ಮೋಟಾರೇ ಹೊರುತ್ತದೆ. ಇದೆಲ್ಲ ನಿಜ, ಒಪ್ಪುತ್ತೇನೆ. ಆದರೆ ಟೈರು? ವೀಲ್ ಬೇರಿಂಗ್, ಶಾಕ್ ಅಬ್ಸಾರ್ಬರ್, ಬುಶ್, ವೈಪರ್, ಕನ್ನಡಿ, ಹೆಡ್‌ಲೈಟ್, ಬಂಪರ್, ಎಸಿ ಸಾಮಾನು? ದೊಡ್ಡ ಬ್ಯಾಟರಿಯ ಕಾರಿನೊಳಗೂ 12 ವೋಲ್ಟಿನ ಸಣ್ಣ ಬ್ಯಾಟರಿ ಒಂದು ಇದ್ದೇ ಇರುತ್ತದೆ, ಅದೂ ಸಾಯುತ್ತದೆ. ಬ್ಯಾಟರಿ ಭಾರಕ್ಕೆ ಟೈರು, ಬುಶ್ ಮೇಲೆ ಒತ್ತಡ ಜಾಸ್ತಿಯೇ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿಳಿಯುವ ಗಾಡಿಯ ಅಡಿಗೆ ಒಮ್ಮೆ ಬಗ್ಗಿ ನೋಡಿ. ಕಾರವಾರದ ಕಡಲ ಗಾಳಿಯ ಉಪ್ಪು ಪೆಟ್ರೋಲು, ಕರೆಂಟು ಎಂದು ಭೇದ ಮಾಡುವುದಿಲ್ಲ, ಕಬ್ಬಿಣ ಕಂಡಲ್ಲಿ ತುಕ್ಕು ಹಿಡಿಸುತ್ತದೆ.

ಇನ್ನೊಂದು ಲೆಕ್ಕ. ನಮ್ಮಲ್ಲಿ ಸ್ವಂತ ಗಾಡಿಯ ನೋಂದಣಿ 15 ವರ್ಷ ನಡೆಯುತ್ತದೆ, ಆಮೇಲೆ ಫಿಟ್ನೆಸ್ ಪಾಸಾದರೆ 5 ವರ್ಷ ಮುಂದುವರಿಯುತ್ತದೆ. 2025ರಲ್ಲಿ ತೆಗೆದ ಪೆಟ್ರೋಲ್ ಬೈಕ್ 2040ರ ತನಕ ಓಡಬಹುದು. ಈಗಲೂ ಶೋರೂಮಿನಿಂದ ಹೊರಬೀಳುವ ಗಾಡಿಗಳಲ್ಲಿ ಜಾಸ್ತಿ ಪೆಟ್ರೋಲ್, ಡೀಸೆಲ್ಲಿನವೇ. ಪಾರ್ಟ್ಸ್ ಅಂಗಡಿ ಬದುಕುವುದು ಹೊಸ ಗಾಡಿಯಿಂದಲ್ಲ, ವಾರಂಟಿ ಮುಗಿದ ಹಳೆ ಗಾಡಿಯಿಂದ. ಇದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ!

2020ರ ಏಪ್ರಿಲ್ 1ಕ್ಕೆ ಗಾಡಿ ಹೊಗೆಯ ಹೊಸ ನಿಯಮ ಬಿಎಸ್ 6 ಬಂತಲ್ವಾ, ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್, ಸೆನ್ಸರ್ ಬಂದವು. ಕಾರ್ಬ್ಯುರೇಟರ್ ಕಿಟ್ ಇಡುತ್ತಿದ್ದ ಜಾಗದಲ್ಲಿ ಈಗ ಸೆನ್ಸರ್ ಇಡುತ್ತೇವೆ. ಸಾಮಾನು ಬದಲಾಯಿತು, ಕೌಂಟರ್ ಅಲ್ಲೇ ಇದೆ. ಹೊಸ ಸಾಮಾನು ಕಲಿಯದೆ ಕೂತವನಿಗೆ ಮಾತ್ರ ಕಷ್ಟ.

ನಮ್ಮ ಜಿಲ್ಲೆಯಲ್ಲಂತೂ ಪಾರ್ಟ್ಸ್ ಎಂದರೆ ಬರೀ ಕಾರು, ಬೈಕು ಅಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳ ಇಂಜಿನ್ ಬಿಚ್ಚುವುದು ಆಗಲೇ. ಘಟ್ಟದ ಮೇಲೆ ಅದೇ ಹೊತ್ತಿಗೆ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿ. ಮೈಲುತುತ್ತದ ನೀರು ಪಂಪಿನ ಸೀಲು, ವಾಶರ್ ತಿಂದುಹಾಕುತ್ತದೆ. ಮೋಡ ಬಿಟ್ಟ ಎರಡು ದಿನದಲ್ಲಿ ಔಷಧಿ ಹೊಡೆಯಬೇಕಾದವನಿಗೆ ಒಂದು ವಾಶರ್ ಸಿಗದಿದ್ದರೆ ಆ ವರ್ಷದ ಅಡಿಕೆ ಗೊನೆಯೇ ಕೈಬಿಟ್ಟ ಹಾಗೆ. ಅದನ್ನು ಮೇ ತಿಂಗಳಲ್ಲೇ ತರಿಸಿಡುವವನೇ ಒಳ್ಳೆಯ ಮ್ಯಾನೇಜರ್.

ಸಂಬಳದ ಮಾತು. ಅಮೆರಿಕದ ಪಾರ್ಟ್ಸ್ ಮ್ಯಾನೇಜರುಗಳ ಡಾಲರ್ ಸಂಬಳ ಎಲ್ಲಾದರೂ ಓದಿ ರೂಪಾಯಿಗೆ ಗುಣಿಸಬೇಡ, ಅಲ್ಲಿನ ಖರ್ಚು ಬೇರೆ. ಆದರೆ ಒಂದು ವಿಷಯ ಎರಡೂ ಕಡೆ ಒಂದೇ: ಖಾಯಂ ಸಂಬಳದ ಮೇಲೆ ಇನ್ಸೆಂಟಿವ್, ಏರುವುದು ಆ ಎರಡನೆಯದರಲ್ಲಿ. ಡೆಡ್ ಸ್ಟಾಕ್, ಅಂದರೆ ಮಾರಾಟವಾಗದೆ ಕೂತ ಮಾಲು, ಇಳಿಸು; ಗ್ಯಾರೇಜುಗಳ ಉದ್ರಿ ವಸೂಲಿ ಮಾಡು. ಇಲ್ಲದ್ದನ್ನು ಹುಬ್ಬಳ್ಳಿಯಿಂದ ಸಂಜೆ ಬಸ್ಸಿಗೆ ಹಾಕಿಸಿ ಬೆಳಿಗ್ಗೆ ಕೈಗಿಡು. ಈ ಮೂರನ್ನು ಅಂಕಿಸಂಖ್ಯೆಯಲ್ಲಿ ಬರೆದಿಟ್ಟುಕೊಂಡು ಸಂಬಳ ಕೇಳು. ಸೇರುವಾಗ ಪಿಎಫ್ ಇದೆಯಾ, ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಇದೆಯಾ ಎಂದು ಕೇಳಲು ನಾಚಿಕೆ ಬೇಡ.

2025ರ ಸೆಪ್ಟೆಂಬರ್ 22ರಿಂದ ಕಾರು, ಬೈಕಿನ ಪಾರ್ಟ್ಸಿನ ಜಿಎಸ್‌ಟಿ ಎಲ್ಲಕ್ಕೂ ಶೇಕಡ 18 ಆಯಿತು, ಹಲವಕ್ಕೆ ಮೊದಲು 28 ಇತ್ತು. ಬಿಲ್ ಇಲ್ಲದ ಮಾಲಿಗೂ ಬಿಲ್ ಇರುವ ಮಾಲಿಗೂ ಇದ್ದ ಬೆಲೆಯ ಅಂತರ ಇದರಿಂದ ಕಡಿಮೆಯಾಗಿದೆ, ನನಗಂತೂ ಖುಷಿ. ಆ ಮಾತಿಗೆ ನೆನಪಾಯಿತು, ನೀನು ಕೇಳದಿದ್ದರೂ ಹೇಳುತ್ತೇನೆ. ಗಾಡಿ ಕಂಪನಿಯ ಡಬ್ಬಿಯಲ್ಲಿ ಬರದ್ದೆಲ್ಲ ಡೂಪ್ಲಿಕೇಟ್ ಅಲ್ಲ. ಬೇರಿಂಗನ್ನು ಗಾಡಿ ಕಂಪನಿ ಸಾಮಾನ್ಯವಾಗಿ ತಾನು ಮಾಡುವುದಿಲ್ಲ, ಬೇರಿಂಗ್ ಕಂಪನಿಯಿಂದ ಕೊಳ್ಳುತ್ತದೆ. ಅದೇ ಬೇರಿಂಗ್ ತಯಾರಿಸಿದವರ ಸ್ವಂತ ಡಬ್ಬಿಯಲ್ಲೂ ಕಡಿಮೆ ಬೆಲೆಗೆ ಸಿಗುವುದುಂಟು. ಗಿರಾಕಿಗೆ ಅದನ್ನು ಬಿಡಿಸಿ ಹೇಳು, ಮತ್ತೆ ನಿನ್ನ ಹತ್ತಿರವೇ ಬರುತ್ತಾನೆ.

ಹಳೆ ಬೇರಿಂಗ್ ತಂದರೆ ಎಸೆಯಬೇಡ. ಸೀಮೆಎಣ್ಣೆಯಲ್ಲಿ ತೊಳೆದು ಮೇಲಿನ ನಂಬರ್ ಓದು. 6204 ಎಂದಿದ್ದರೆ ಕೊನೆಯ 04ನ್ನು 5ರಿಂದ ಗುಣಿಸು, 20. ಒಳಗಿನ ತೂತು 20 ಮಿಲಿಮೀಟರ್. 6205 ಆದರೆ 25. ಯಾವ ಕಂಪನಿಯದಾದರೂ ಅಳತೆ ಅದೇ. 04ಕ್ಕಿಂತ ಕೆಳಗೆ ಈ ಲೆಕ್ಕ ನಡೆಯುವುದಿಲ್ಲ: 6203ಕ್ಕೆ 17, 6202ಕ್ಕೆ 15, 6201ಕ್ಕೆ 12, 6200ಕ್ಕೆ 10. ಈ ನಾಲ್ಕನ್ನು ಬಾಯಿಪಾಠ ಮಾಡಿಕೊಂಡೇ ಸೋಮವಾರ ಕೌಂಟರಿಗೆ ಹೋಗು.